ಛೀ ಮಾವನ ಸೋಫಾದ ಎಡಗೈ

ಛೀ ಮಾವನಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು, ಆದರೆ ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಅದು ಗೊತ್ತಿರಲಿಲ್ಲ. ಮಾತು ಶುರುವಾಗುವ ಮುಂಚೆ ಒಂದು ಛೀ, ಮುಗಿದ ಮೇಲೆ ಇನ್ನೊಂದು ಛೀ, ನಡುವೆ ಉಸಿರು ತೆಗೆದುಕೊಳ್ಳಲು ನಿಂತರೆ ಅಲ್ಲೊಂದು. ಅವನನ್ನು ಅಂದು ಏನು ಪ್ರಯೋಜನ? ಅವನು ಮಾಡುತ್ತಿದ್ದ ಕೆಲಸವೇ ಅಂಥದ್ದು. ಸೋಫಾ, ಕುರ್ಚಿ, ದಿವಾನ, ಯಾವುದೇ ಆಗಲಿ, ಸವೆದ ಬಟ್ಟೆ ಕಿತ್ತು ಹೊಸ ಬಟ್ಟೆ ಹೊದಿಸಿ ಕೊಡುವುದು. ಮನೆಯ ಮುಂದಿನ ಭಾಗ ಅಂಗಡಿ, ಹಿಂದಿನ ಭಾಗ ಸಂಸಾರ.

ಸೋಫಾ ಹೊರಗಿನಿಂದ ಎಷ್ಟೇ ಶ್ರೀಮಂತವಾಗಿರಲಿ, ಅದರ ಯೋಗ್ಯತೆ ಏನೆಂದು ಹೊಟ್ಟೆ ಬಗೆದವನಿಗೇ ಗೊತ್ತು. ಸೀಟಿನ ಸಂದಿಯಲ್ಲಿ ಕೈ ಹಾಕಿದರೆ ಕಚ್ಚಿ ಬಿಟ್ಟ ಬಿಸ್ಕತ್ತು, ಕತ್ತರಿಸಿದ ಉಗುರು, ಕೂದಲಿನ ಉಂಡೆ, ಯಾರೋ ಜಗಿದು ಅಂಟಿಸಿದ ಚೂಯಿಂಗ್ ಗಮ್, ಒಣಗಿ ಗರಿಗರಿಯಾದ ಜಿರಲೆ. ಒಮ್ಮೆ ಕಟ್ಟಿಸಿಕೊಂಡ ಹಲ್ಲೇ ಸಿಕ್ಕಿತ್ತು. ಅದರ ಯಜಮಾನರು ಓಡಿಬಂದು, ಅಂಗಿಯ ತುದಿಗೆ ಒರೆಸಿ, ಅಲ್ಲೇ ಬಾಯಿಗೆ ಹಾಕಿಕೊಂಡು ನಕ್ಕರು. ಅವತ್ತು ಛೀ ಮಾವ ಊಟದ ತಟ್ಟೆ ಮುಂದೆ ಕೂತು ಹಾಗೇ ಎದ್ದ.

ಬೆಕ್ಕು ಸಾಕಿದವರ ಸೋಫಾ ಬಂದರಂತೂ ಮುಗಿಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಗವಸು ಹಾಕಿಕೊಂಡು, ಮುಖ ಆ ಕಡೆ ತಿರುಗಿಸಿಯೇ ಬಿಚ್ಚುತ್ತಿದ್ದ. ಬೆಕ್ಕಿನ ಉಚ್ಚೆ ಒಮ್ಮೆ ಫೋಮಿಗೆ ಇಳಿದರೆ ಅದನ್ನು ಬಿಸಾಡಬೇಕೇ ಹೊರತು ಬೇರೆ ದಾರಿಯಿಲ್ಲ. ಬಿಸಿಲಿಗಿಟ್ಟರೆ ವಾಸನೆ ಇನ್ನೂ ಕೆರಳುತ್ತದೆ. "ಮನುಷ್ಯರೇ ಇಷ್ಟು ಗಲೀಜು, ಅವರ ಜೊತೆ ಇದೂ ಬೇರೆ ಬೇಕಾ? ಛೀ," ಎನ್ನುತ್ತಿದ್ದ.

ಇಷ್ಟೆಲ್ಲ ಊರಿನವರ ಹೊಲಸಿನಲ್ಲಿ ಕೈಯಾಡಿಸುವವನಿಗೆ ತನ್ನದು ಅಂತ ಒಂದು ಶುದ್ಧವಾದ ಮೂಲೆ ಬೇಡವೇ? ಅದು ನಡುಮನೆ. ಅಲ್ಲಿ ಅವನೇ ಕಟ್ಟಿದ ಸೋಫಾ ಇತ್ತು. ಕಡುಹಸಿರು ಮಖಮಲ್ಲು, ದುಂಡನೆಯ ಕೈಗಳು, ಒಂದು ಮೊಳೆಯ ತಲೆಯೂ ಕಾಣದ ಹಾಗೆ ಮುಗಿಸಿದ ಅಂಚು. ಕೆಳಗೆ ಹಣ್ಣಾದ ನೇರಳೆ ಬಣ್ಣದ ರತ್ನಗಂಬಳಿ. ಸೋಫಾದ ಸೀಟಿನ ಮೇಲೆ ಸದಾ ಒಂದು ಬಿಳಿ ಹೊದಿಕೆ. ನೆಂಟರು ಬಂದರೆ ಹೊದಿಕೆ ತೆಗೆಯುತ್ತಿದ್ದ, ಅವರು ಎದ್ದ ಕೂಡಲೇ ಬ್ರಷ್ಷು ಹಿಡಿದು ಬರುತ್ತಿದ್ದ. ಹೆಂಡತಿ ತಮಾಷೆ ಮಾಡುತ್ತಿದ್ದಳು: "ನಮ್ಮನೇಲಿ ಮೂರು ಜನ. ನಾನು, ಇವರು, ಸೋಫಾ. ಮರ್ಯಾದೆ ಮಾತ್ರ ಅದಕ್ಕೊಂದಕ್ಕೇ."

ಈಗ ಅಕ್ಕನ ವಿಷಯಕ್ಕೆ ಬರಬೇಕು. ಛೀ ಮಾವ ತೊಟ್ಟಿಲಲ್ಲಿರುವಾಗಲೇ ತಾಯಿ ಹೋಗಿದ್ದಳು. ಎತ್ತಿ ಆಡಿಸಿದವಳು, ಮೂಗು ಒರೆಸಿದವಳು, ಸೊಂಟದ ಮೇಲೆ ಕೂರಿಸಿಕೊಂಡು ಓಡಾಡಿದವಳು ಅಕ್ಕ. ದಬ್ಬಳ ಹಿಡಿಯುವುದನ್ನು ಕಲಿಸಿದವಳೂ ಅವಳೇ. ಹಾಸಿಗೆ ಹೊಲಿಯುತ್ತಾ, "ಬೆರಳಿಗೆ ಚುಚ್ಚಿಕೊಂಡ್ರೆ ಅಳಬೇಡ, ಬಟ್ಟೆಗೆ ರಕ್ತ ಆಗುತ್ತೆ ನೋಡು" ಎಂದವಳು. ಅಕ್ಕನ ಗಂಡ ತೀರಿಕೊಂಡು, ಬಾಡಿಗೆ ಮನೆ ಬಿಡಬೇಕಾಗಿ ಬಂದಾಗ ಛೀ ಮಾವ ಹಿಂದೆ ಮುಂದೆ ನೋಡಲಿಲ್ಲ. "ಇದು ನಿನ್ನ ಮನೆ ಅಕ್ಕ. ಕೊನೇವರೆಗೂ ಇಲ್ಲೇ ಇರು," ಎಂದ.

ಅಕ್ಕ ಒಂದು ಟ್ರಂಕು, ಒಂದು ಮುಚ್ಚಳದ ಬುಟ್ಟಿ ಹಿಡಿದು ಇಳಿದಳು. ಬುಟ್ಟಿ ಕೆಮ್ಮಿತು.

"ಅದರೊಳಗೇನಿದೆ ಅಕ್ಕ?"

"ಬಂಗಾರಿ."

ಮುಚ್ಚಳ ತೆಗೆದರೆ ಒಂದು ಕೆಂಚು ಬೆಕ್ಕು. ಒಂದು ಕಿವಿ ಹರಿದು ಜಾಲರಿಯಾಗಿತ್ತು, ಕಣ್ಣಿನ ಮೂಲೆಯಲ್ಲಿ ಪಿಸುರು, ಗದ್ದದ ಕೆಳಗೆ ಜೊಲ್ಲು. ಅದು ಹೊರಬಂದು, ಮೈಮುರಿದು, ರತ್ನಗಂಬಳಿಯ ನಟ್ಟನಡುವೆ ನಿಂತು, ಹೊಟ್ಟೆಯನ್ನು ತಿದಿಯ ಹಾಗೆ ಒತ್ತಿ ಒತ್ತಿ ಕೂದಲಿನ ಒಂದು ಒದ್ದೆ ಉಂಡೆಯನ್ನು ಕಕ್ಕಿತು.

"ಛೀ ಛೀ ಛೀ!" ಛೀ ಮಾವ ಗೋಡೆಗೆ ಅಂಟಿಕೊಂಡ.

"ಗಾಡಿ ಪ್ರಯಾಣ ಆಗಲ್ಲ ಪಾಪ ಅದಕ್ಕೆ," ಎಂದಳು ಅಕ್ಕ, ಒರೆಸುವ ಬಟ್ಟೆ ಹುಡುಕುತ್ತಾ.

"ಅಕ್ಕ, ಇದನ್ನ ಹಿತ್ತಲಲ್ಲಿ..."

"ಪುಟ್ಟಾ," ಅಕ್ಕ ಬಗ್ಗಿದ್ದವಳು ಹಾಗೇ ತಲೆಯೆತ್ತಿದಳು. "ನಿಮ್ಮ ಭಾವ ಹೋದಮೇಲೆ ಆ ಮನೇಲಿ ನನ್ನ ಜೊತೆ ಉಸಿರಾಡ್ತಾ ಇದ್ದದ್ದು ಇದೊಂದೇ. ಇದಕ್ಕೆ ಜಾಗ ಇಲ್ಲ ಅಂದ್ರೆ ಈಗಲೇ ಹೇಳಿಬಿಡು. ಟ್ರಂಕು ಇನ್ನೂ ಬಿಚ್ಚಿಲ್ಲ."

ಛೀ ಮಾವ ಬಾಯಿಗೆ ಬಂದ ಛೀಯನ್ನು ನುಂಗಿಕೊಂಡ. ಜನ್ಮದಲ್ಲಿ ಅದೇ ಮೊದಲು ಇರಬೇಕು.

ಬೆಕ್ಕು ಮನೆಗೆ ಹೊಂದಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊಂದಿಕೊಳ್ಳಬೇಕಾದದ್ದು ಮನೆ. ಬೆಳಿಗ್ಗೆ ಎದ್ದು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ನೇರ ಸೋಫಾದ ಹತ್ತಿರ ಹೋಗಿ ಅದರ ಹಿಂಬದಿಯನ್ನು ಕೆರೆಯುತ್ತಿತ್ತು. ಕರ್ ಕರ್ ಎನ್ನುವ ಆ ಸದ್ದು ಕೇಳಿದರೆ ಛೀ ಮಾವನಿಗೆ ತನ್ನ ಬೆನ್ನಿನ ಚರ್ಮವೇ ಸುಲಿದಂತೆ. ಉಗುರಿನ ಪೊರೆ ಕಳಚಿ ನೆಲದ ಮೇಲೆ ಬಿದ್ದಿರುತ್ತಿತ್ತು, ಚಂದ್ರನ ಚೂರಿನಂತೆ ಬಾಗಿದ್ದು. ಬರಿಗಾಲಿಗೆ ಅದು ಚುಚ್ಚಿದ ದಿನ ಅವನು ಕಾಲು ತೊಳೆದದ್ದೇ ತೊಳೆದದ್ದು. ನೀರಿನ ಡ್ರಮ್ಮು ತಳ ಕಂಡಿತು.

ಮೊದಲು ಯಾರೋ ಹೇಳಿದರೆಂದು ಸೋಫಾದ ಸುತ್ತ ಕಿತ್ತಳೆ ಸಿಪ್ಪೆ ಇಟ್ಟ. ಬೆಕ್ಕು ಹತ್ತಿರ ಬರಲಿಲ್ಲ, ನಿಜ. ಆದರೆ ಸಿಪ್ಪೆ ಕೊಳೆತು ಸಣ್ಣ ನೊಣ ಎದ್ದವು. ಆಮೇಲೆ ವಿನಿಗರ್ ಚಿಮುಕಿಸಿದ. ನಡುಮನೆಯೆಲ್ಲ ಹುಳಿಹುಳಿ ನಾತ. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬೆಕ್ಕೇ ವಾಸಿ ಇತ್ತು ಕಣ್ರೀ," ಎಂದಳು.

ಕೊನೆಗೆ ಎರಡೂ ಬದಿ ಅಂಟುವ ಟೇಪು. ಬೆಕ್ಕಿನ ಕಾಲಿಗೆ ಅಂಟು ಅಂದರೆ ಆಗುವುದಿಲ್ಲವಂತೆ. ಛೀ ಮಾವ ಸೋಫಾದ ಹಿಂದೆ, ಕೈಗಳಿಗೆ, ಸೀಟಿನ ಅಂಚಿಗೆ, ಎಲ್ಲೆಲ್ಲೂ ಟೇಪು ಹಚ್ಚಿದ. ಹಚ್ಚಿದವನಿಗೆ ಹೇಳುವುದು ಮರೆಯಿತು. ಮಧ್ಯಾಹ್ನ ಮೇಲಿನ ಬೀದಿಯ ಟೀಚರಮ್ಮ ತಮ್ಮ ಕುರ್ಚಿಗಳ ವಿಚಾರ ಮಾತಾಡಲು ಬಂದರು, ಸೋಫಾದ ಅಂಚಿನಲ್ಲಿ ಕೂತರು, ನೀರು ಕುಡಿದರು, ಏಳಲು ಹೋದರು.

"ಅಯ್ಯೋ, ಏನೋ ಹಿಡ್ಕೊಂಡಿದೆ!"

"ಅಲ್ಲಾಡಬೇಡಿ ಮೇಡಂ, ಅಲ್ಲಾಡಿದ್ರೆ ಮಖಮಲ್ಲು ಕಿತ್ತು ಬರುತ್ತೆ!"

"ನಾನಿಲ್ಲಿ ಅಂಟಿಕೊಂಡು ಕೂತಿದ್ದೀನಿ, ನಿಮಗೆ ಮಖಮಲ್ಲಿನ ಚಿಂತೆ ಏನ್ರೀ?"

ಹೆಂಡತಿ ಟೇಪಿನ ತುದಿ ಹುಡುಕಿ ನಿಧಾನವಾಗಿ ಬಿಡಿಸಿದಳು. ಅಕ್ಕ ಅಡುಗೆಮನೆಯಲ್ಲಿ ನಗುವುದು ಹೊರಗೆ ಕೇಳುತ್ತಿತ್ತು. ಗಂಡ ಹೋದಮೇಲೆ ಅವಳು ನಕ್ಕದ್ದು ಅವತ್ತೇ ಮೊದಲಂತೆ. ಛೀ ಮಾವನಿಗೆ ಅದು ಆಮೇಲೆ ಗೊತ್ತಾಯಿತು.

ಟೀಚರಮ್ಮ ಹೋಗುವಾಗ ಒಂದು ಮಾತು ಹೇಳಿದರು: "ಅದಕ್ಕೆ ಕೆರೆಯೋಕೆ ಅದರದ್ದೇ ಒಂದು ಕಂಬ ಮಾಡಿಕೊಡಿ. ಬೆಕ್ಕು ಕೆರೀಲೇಬೇಕು, ಕೆರೀದೆ ಇರಲ್ಲ."

ಈ ಮಾತು ಛೀ ಮಾವನ ತಲೆಗೆ ಹೊಕ್ಕಿತು. ಕಂಬ ತಾನೇ? ಮಾಡಿದರೆ ಊರು ನೋಡಬೇಕು, ಹಾಗೆ ಮಾಡುತ್ತೇನೆ ಎಂದು ಗಟ್ಟಿ ಮರದ ತುಂಡು ತಂದ, ಅಲ್ಲಾಡದ ಹಾಗೆ ದಪ್ಪ ಪೀಠಕ್ಕೆ ಹೊಡೆದ. ಇನ್ನು ಹೊದಿಸಲು ಬಟ್ಟೆ. ಅವನ ಅಂಗಡಿಯ ಅಟ್ಟದಲ್ಲಿ ತುಂಡುಬಟ್ಟೆಗಳ ಗಂಟೇ ಇತ್ತು. ಒಂದು ಚೂರೂ ಬಿಸಾಡುವವನಲ್ಲ. ಗಂಟಿನಲ್ಲಿ ಹುಡುಕಿ ಹುಡುಕಿ ಅವನು ತೆಗೆದದ್ದು ಯಾವುದು ಗೊತ್ತೇ? ತನ್ನ ಸೋಫಾಕ್ಕೇ ಹೊದಿಸಿ ಉಳಿದ ಕಡುಹಸಿರು ಮಖಮಲ್ಲು. ಪೀಠಕ್ಕೆ ಆ ರತ್ನಗಂಬಳಿಯದೇ ಅಂಚಿನ ತುಂಡು. ನಡುಮನೆಯಲ್ಲಿ ಇಡುವ ವಸ್ತು, ಬೇರೆ ಬಣ್ಣ ಹಾಕಿದರೆ ಕಣ್ಣಿಗೆ ಹೊಡೆಯುವುದಿಲ್ಲವೇ?

ಬೆಕ್ಕಿಗೆ ಕಂಬ ಹಿಡಿಸಿತು. ಮೊದಲ ದಿನವೇ ಎರಡು ಕಾಲ ಮೇಲೆ ನಿಂತು ಉದ್ದಕ್ಕೆ ಎಳೆಯಿತು. ಅಕ್ಕ ಚಪ್ಪಾಳೆ ತಟ್ಟಿ ಮೀನಿನ ತುಣುಕು ಕೊಟ್ಟಳು. ಛೀ ಮಾವ ಸೋಫಾದ ಟೇಪು ಕಿತ್ತು, ಬ್ರಷ್ಷು ಹಾಕಿ, ಬಂದವರಿಗೆಲ್ಲ ಕಂಬ ತೋರಿಸಿದ. "ಪ್ರಾಣಿ ಅಂದ್ರೂ ಬಟ್ಟೆಯ ಬೆಲೆ ಗೊತ್ತು ನೋಡಿ ಅದಕ್ಕೆ," ಎಂದು ಮೀಸೆ ತಿರುವಿದ.

ಆ ವಾರವೇ ಒಂದು ಮದುವೆ. ಮೂವರೂ ಹೋಗಿ ಸಂಜೆ ಬಂದು ಬಾಗಿಲು ತೆಗೆದರು.

ಸೋಫಾದ ಎಡಗೈ ಎಡಗೈಯಾಗಿ ಉಳಿದಿರಲಿಲ್ಲ. ಮಖಮಲ್ಲು ಎಳೆಎಳೆಯಾಗಿ ಜೋತುಬಿದ್ದಿತ್ತು, ಒಳಗಿನ ಹಳದಿ ಫೋಮು ಹುಣ್ಣಿನಿಂದ ಕೀವು ಬಂದ ಹಾಗೆ ಹೊರಗೆ ಇಣುಕುತ್ತಿತ್ತು. ರತ್ನಗಂಬಳಿಯ ಮೂಲೆಯಲ್ಲಿ ದಾರ ಕಿತ್ತು ಬಂದು ಬೋಳಾಗಿತ್ತು. ಎಲ್ಲದರ ಮೇಲೂ ಕೆಂಚು ಕೂದಲು. ಬೆಕ್ಕು ಅದೇ ಕೈಯ ಮೇಲೆ ಮಲಗಿ, ಬಾಯಿ ತೆರೆದು, ಜೊಲ್ಲು ಸುರಿಸುತ್ತಾ ನಿದ್ದೆ ಹೊಡೆಯುತ್ತಿತ್ತು.

"ಈ ಹೊಲಸು ಇನ್ನೊಂದು ದಿನ ಈ ಮನೇಲಿರಬಾರದು! ನಾನಿರಬೇಕು, ಇಲ್ಲ ಅದಿರಬೇಕು!" ಎಂದು ಛೀ ಮಾವ ಕಿರುಚಿದ.

ಅಕ್ಕ ಬೆಕ್ಕನ್ನು ಎತ್ತಿಕೊಂಡಳು, ಕೋಣೆಗೆ ಹೋದಳು. ಟ್ರಂಕಿನ ಚಿಲಕದ ಸದ್ದು ಕೇಳಿತು. ಆಮೇಲೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದ್ದು ಕೇಳಿತು. ಚಿಕ್ಕಮ್ಮನ ಮಗಳ ಮನೆಗೆ ಹೋಗುವುದಂತೆ, ಬೆಳಿಗ್ಗೆ ಗಾಡಿ ಬರುವುದಂತೆ.

"ಅವರ ಮನೇಲಿ ವಾಷಿಂಗ್ ಮಷೀನ್ ಇಡೋ ಸಂದೀಲಿ ಹಾಸಿಗೆ ಹಾಕಿಕೊಡ್ತಾರೆ ಅತ್ತಿಗೆಗೆ," ಹೆಂಡತಿ ಗಂಡನ ಮುಖಕ್ಕೇ ಹೇಳಿದಳು. "ಕೊನೇವರೆಗೂ ಇರು ಅಂದಿದ್ರಿ. ಕೊನೆ ಇಷ್ಟು ಬೇಗ ಬಂತಾ?"

ಛೀ ಮಾವ ಇಕ್ಕಳ ತೆಗೆದುಕೊಂಡು ಎಡಗೈಯ ಬಟ್ಟೆ ಕೀಳತೊಡಗಿದ. ಕೋಪ ಬಂದಾಗ ಅವನಿಗೆ ಗೊತ್ತಿದ್ದದ್ದು ಅದೊಂದೇ. ಕಿತ್ತ ಬಟ್ಟೆಯನ್ನು ಅಂಗಡಿಯ ಹಲಗೆಯ ಮೇಲೆ ಹರಡಿದ. ಹೊಸದು ಹೊದಿಸಲು ಅದೇ ಮಖಮಲ್ಲು ಬೇಕು. ಅಟ್ಟದ ಗಂಟಿನಲ್ಲಿ ಅದು ಉಳಿದಿಲ್ಲ, ಇದ್ದದ್ದೆಲ್ಲ ಕಂಬಕ್ಕೆ ಹೋಗಿದೆ. ಬೈದುಕೊಳ್ಳುತ್ತಾ ಕಂಬದ ಬಟ್ಟೆಯನ್ನೂ ಕಿತ್ತು ಪಕ್ಕದಲ್ಲಿ ಹರಡಿದ.

ಅಕ್ಕಪಕ್ಕ ಎರಡು ತುಂಡು. ಅದೇ ಬಣ್ಣ, ಅದೇ ನೇಯ್ಗೆ, ಅದೇ ಉದ್ದುದ್ದ ಗೀರು. ಯಾವುದು ಸೋಫಾದ್ದು, ಯಾವುದು ಕಂಬದ್ದು ಎಂದು ಹೊದಿಸಿದವನಿಗೇ ಹೇಳಲಾಗದು. ಇನ್ನು ಬೆಕ್ಕಿಗೆ ಹೇಗೆ ಗೊತ್ತಾಗಬೇಕು? ಈ ಬಟ್ಟೆ ಕೆರಿ, ಮೀನು ಸಿಗುತ್ತದೆ ಎಂದು ಮನೆಮಂದಿಯೆಲ್ಲ ಸೇರಿ ಅದಕ್ಕೆ ಪಾಠ ಮಾಡಿದ್ದರು. ಅದು ಚೆನ್ನಾಗಿಯೇ ಕಲಿತಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ಎರಡು ತುಂಡನ್ನೂ ನೋಡಿದಳು, ಗಂಡನನ್ನು ನೋಡಿದಳು. "ಮ್ಯಾಚಿಂಗ್ ಚೆನ್ನಾಗಿದೆ," ಎಂದು ಒಳಗೆ ಹೋದಳು.

ಬೆಳಿಗ್ಗೆ ಅಕ್ಕ ಟ್ರಂಕು, ಬುಟ್ಟಿ ಹಿಡಿದು ನಡುಮನೆಗೆ ಬಂದಾಗ ರತ್ನಗಂಬಳಿ ಸುರುಳಿಯಾಗಿ ಅಟ್ಟ ಸೇರಿತ್ತು. ನೆಲ ಬರಿದು. ಛೀ ಮಾವ ಮಂಡಿಯೂರಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಸೋಫಾದ ಎಡಗೈಗೆ ಒರಟು ಗೋಣಿಬಟ್ಟೆ ಬಿಗಿದು, ಅದರ ಮೇಲೆ ನಾರಿನ ಹಗ್ಗ ಸುತ್ತುತ್ತಿದ್ದ. ಬಲಗೈ ಮಖಮಲ್ಲು, ಎಡಗೈ ಗೋಣಿ. ಮದುಮಗ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿಕೊಂಡ ಹಾಗಿತ್ತು.

"ಪುಟ್ಟಾ, ಏನೋ ಇದು? ನಿನ್ನ ಸೋಫಾ ಕಣೋ ಅದು!"

ಅವನು ಮೊಳೆಗಳನ್ನು ಕೈಗೆ ಉಗುಳಿದ. "ಅದನ್ನ ಬಿಡು."

"ಯಾರನ್ನ?"

"ಆ ಗಲೀಜು ಬಂಗಾರೀನ. ಬುಟ್ಟಿಯಿಂದ ಬಿಡಕ್ಕ. ಕೆರೀತದಾ ನೋಡೋಣ."

ಅಕ್ಕ ಮುಚ್ಚಳ ತೆಗೆದಳು. ಬೆಕ್ಕು ಇಳಿದು, ಬಲಗೈಯ ಹತ್ತಿರ ಹೋಗಿ ಮೂಸಿತು. ಮೂವರೂ ಉಸಿರು ಹಿಡಿದರು. ಅಲ್ಲಿಂದ ಎಡಕ್ಕೆ ಬಂದು, ಹಗ್ಗ ಮೂಸಿ, ಒಂದು ಉಗುರು ಹಾಕಿ ನೋಡಿತು. ಗೋಣಿ ಹಿಡಿದು ನಿಂತಿತು. ಇನ್ನೊಂದು ಕಾಲನ್ನೂ ಎತ್ತಿ, ಮೈಯನ್ನೆಲ್ಲ ಉದ್ದಕ್ಕೆ ಎಳೆದು, ಕಣ್ಣು ಅರೆಮುಚ್ಚಿ ಕೆರೆಯಿತು. ಕರ್, ಕರ್, ಕರ್. ಛೀ ಮಾವನ ಬೆನ್ನು ಜುಮ್ಮೆಂದಿತು. ಹಲ್ಲು ಕಚ್ಚಿ ನಿಂತ.

ಹೊರಗೆ ಗಾಡಿಯವನು ಹಾರ್ನ್ ಹೊಡೆದ.

"ಹೋಗಿ ಅವನಿಗೆ ಬರಲ್ಲ ಅಂತ ಹೇಳು," ಎಂದ ಛೀ ಮಾವ ಹೆಂಡತಿಗೆ, ಅಕ್ಕನ ಮುಖ ನೋಡದೆ. ಹೆಂಡತಿ ಆಗಲೇ ಬಾಗಿಲು ದಾಟಿದ್ದಳು.

ಅಕ್ಕ ಟ್ರಂಕನ್ನು ನೆಲಕ್ಕಿಟ್ಟು ಅದರ ಮೇಲೇ ಕೂತಳು. ಸ್ವಲ್ಪ ಹೊತ್ತು ಎಡಗೈಯನ್ನು ನೋಡಿದಳು. ಬೆರಳು ಚಾಚಿ ಹಗ್ಗದ ಕೊನೆ ಎಳೆದು ನೋಡಿದಳು. "ಗಂಟು ಸಡಿಲ ಹಾಕಿದ್ದೀಯ. ದಬ್ಬಳ ಕೊಡಿಲ್ಲಿ," ಎಂದಳು.

ಇಬ್ಬರೂ ಕೂತು ಹೊಲಿದರು. ಬೆಕ್ಕು ನಡುವೆ ಬಂದು, ಛೀ ಮಾವನ ಕಾಲಿಗೆ ಮೈ ಉಜ್ಜಿ, ಪ್ಯಾಂಟಿಗೆಲ್ಲ ಕೂದಲು ಮೆತ್ತಿ ಹೋಯಿತು.

ಈಗಲೂ ಅಂಗಡಿಗೆ ಬಂದವರು ಇಣುಕಿ ನೋಡಿ ಕೇಳುತ್ತಾರೆ, ಇಷ್ಟು ಒಳ್ಳೆ ಸೋಫಾಕ್ಕೆ ಒಂದು ಕೈ ಯಾಕೆ ಹೀಗೆ ಎಂದು. ಛೀ ಮಾವ ಗೋಣಿಯಲ್ಲಿ ಸಿಕ್ಕಿಕೊಂಡ ಉಗುರಿನ ಪೊರೆಯನ್ನು ಇಕ್ಕಳದ ತುದಿಯಲ್ಲಿ ಹಿಡಿದು, ಮುಖ ಆ ಕಡೆ ತಿರುಗಿಸಿ, ಕಸದ ಡಬ್ಬಿಗೆ ಹಾಕುತ್ತಾನೆ.

"ಛೀ, ಆ ಕಡೆ ನೋಡಬೇಡಿ," ಎನ್ನುತ್ತಾನೆ. "ಅದು ನಮ್ಮಕ್ಕನ ಕಡೆ."