ಹಮ್ಮಬ್ಬ ಹೇಳಿದ ಮೇಲೆ ಮುಗಿಯಿತು

ನೈರೋಬಿಯ ಕಿಲಿಮಾನಿ ಬಡಾವಣೆಯ ಹಮ್ಮಬ್ಬನಿಗೆ ಗಾಳಿಸುದ್ದಿಯೆಂದರೆ ಮೈಯೆಲ್ಲ ಉರಿ. ಔಷಧ ಕಂಪನಿಯ ಗೋದಾಮು ಕಾಯುತ್ತಲೇ ಮುದುಕನಾದ ಈ ಬ್ಯಾರಿ, ಮಾತ್ರೆಗೆ ಕೇಳಿದಂತೆ ಮಾತಿಗೂ ಮೂಲ ಕೇಳುತ್ತಿದ್ದ. "ಯಾರು ಹೇಳಿದ್ದು? ಅವನಿಗೆ ಯಾರು ಹೇಳಿದ್ದು?" ಶನಿವಾರ ಚಹಾಕ್ಕೆ ಬರುವ ಕನ್ನಡಿಗರು ಬಿಸ್ಕತ್ತು ಮುಟ್ಟುವ ಮೊದಲು ಈ ವಿಚಾರಣೆ ಮುಗಿಸಬೇಕಿತ್ತು. ಹೆಂಡತಿ ನಫೀಸಾಳಿಗೆ ತಲೆ ತಗ್ಗಿಸುವಂತಾಗುತ್ತಿತ್ತು. ಆದರೂ ಹಮ್ಮಬ್ಬ ಹೌದೆಂದರೆ ನೈರೋಬಿಯ ಕನ್ನಡಿಗರು ಮರುಮಾತಾಡುವುದಿಲ್ಲ ಎಂಬುದು ಅವಳಿಗೆ ಒಳಗೊಳಗೇ ಹೆಮ್ಮೆ.

ಇದೆಲ್ಲ ಹದೀಸ್ ನಿರೂಪಕರ ಚರಿತ್ರೆ ಓದಿ ಹತ್ತಿದ ಹುಚ್ಚು. ಪ್ರವಾದಿಯವರ ಮಾತುಗಳನ್ನು ಹಿಂದಿನವರಿಂದ ಕೇಳಿ ಮುಂದಿನವರಿಗೆ ದಾಟಿಸಿದ ಹಿರಿಯರಲ್ಲಿ ಬಸ್ರಾದ ಜರೀರ್ ಅವನಿಗೆ ಅಚ್ಚುಮೆಚ್ಚು. ಮುಪ್ಪಿನಲ್ಲಿ ಜರೀರರ ನೆನಪು ಕಲಸಿಹೋದಾಗ ಮಕ್ಕಳು ಅವರನ್ನು ಯಾರಿಗೂ ಸಿಗದಂತೆ ಮರೆಯಲ್ಲಿಟ್ಟರಂತೆ. ಹಾಗಾಗಿ ತಪ್ಪು ಮಾತೊಂದೂ ಹೊರಬೀಳದೆ ಅವರ ಹೆಸರು ಕೆಡಲಿಲ್ಲ. ಈ ಕಥೆ ಹೇಳಿದಾಗಲೆಲ್ಲ ಹಮ್ಮಬ್ಬ ಹೆಂಡತಿಯ ಕಡೆ ತಿರುಗುತ್ತಿದ್ದ. "ನಮಗೆ ಮಕ್ಕಳಿಲ್ಲ. ಆ ಕೆಲಸ ನಿನ್ನದೇ."

ಎರಡು ಸಾವಿರದ ಐದರ ಒಂದು ಶನಿವಾರ ಅವನು, "ನಮ್ಮ ಕಸರಾನಿಯ ಆಲ್ಫ್ರೆಡ್ ಇನ್ನು ಚಹಾಕ್ಕೆ ಬರುವುದಿಲ್ಲ, ತೀರಿಹೋದ" ಎಂದ. ಹೇಳಿದವನು ಹಮ್ಮಬ್ಬ, ಇನ್ನು ಮೂಲ ಕೇಳುವವರು ಯಾರು? ಚಹಾದ ಬಳಗದ ಕೃಷ್ಣಪ್ರಸಾದನ ಮುಂದಾಳತ್ವದಲ್ಲಿ ಹೂವಿನ ಹಾರ ಹೊರಟಿತು. ಬಾಗಿಲು ತೆರೆದದ್ದು ಚಡ್ಡಿಯಲ್ಲಿದ್ದ ಆಲ್ಫ್ರೆಡ್.

ಮುದುಕ ಭಾರೀ ತಮಾಷೆ ಮಾಡಿದನೆಂದು ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಫೀಸಾಳಿಗೆ ನಗು ಬರಲಿಲ್ಲ. ಅಂದು ಬೆಳಿಗ್ಗೆ ಅವನು ಅವಳನ್ನೇ "ನೀವು ಯಾರು?" ಎಂದು ಕೇಳಿದ್ದ. ಅಂದಿನಿಂದ ಶನಿವಾರದ ಚಹಾವನ್ನು ಅವಳು ನಿಲ್ಲಿಸಿಬಿಟ್ಟಳು.

ಒಂದು ದಿನ ಆಲ್ಫ್ರೆಡ್ಡೇ ಬಂದ. ಹುಷಾರಿಲ್ಲ, ಮಲಗಿದ್ದಾರೆ ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು. ಒಳಗಿನಿಂದ ಹಮ್ಮಬ್ಬ ಕೂಗಿದ. "ಯಾರು ಬಂದದ್ದು? ಪಾಪದ ಆಲ್ಫ್ರೆಡ್ ಸತ್ತದ್ದು ಅವರಿಗೆ ಗೊತ್ತುಂಟಾ ಕೇಳು."

ನಫೀಸಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

"ಅಳಬೇಡಿ ನಫೀಸಕ್ಕ," ಎಂದ ಆಲ್ಫ್ರೆಡ್. "ಜರೀರರ ಕಥೆ ನಾನೂ ಕೇಳಿದ್ದೇನೆ."

ಮರುವಾರ ಕೃಷ್ಣಪ್ರಸಾದನ ಹೆಂಡತಿ ಕಮಲಾ ಫೋನ್ ಮಾಡಿದಳು. "ಸಾಹೇಬ್ರು ಮಂಗಳೂರಿಗೆ ಹೋದ್ರಂತೆ? ಸದ್ಯಕ್ಕೆ ವಾಪಸ್ ಬರಲ್ವಂತೆ?"

"ಯಾರು ಹೇಳಿದ್ದು?" ಗಂಡನ ಪ್ರಶ್ನೆ ತನ್ನ ಬಾಯಿಂದ ಬಂದದ್ದಕ್ಕೆ ನಫೀಸಾಳಿಗೇ ಆಶ್ಚರ್ಯವಾಯಿತು.

"ಆಲ್ಫ್ರೆಡ್."

"ಅವನಿಗೆ ಯಾರು ಹೇಳಿದ್ದು?"

"ಸಾಹೇಬ್ರೇ ಹೇಳಿ ಹೋದ್ರಂತೆ. ಅವರೇ ಹೇಳಿದ್ಮೇಲೆ ಇನ್ನೇನು, ನಾನು ಮತ್ತೆ ವಿಚಾರಿಸೋಕೇ ಹೋಗ್ಲಿಲ್ಲ."

"ಹೌದು, ಹೋಗಿದ್ದಾರೆ," ಎಂದಳು ನಫೀಸಾ. ಎದುರಿಗೆ ಕೂತಿದ್ದ ಗಂಡನ ಚಹಾಕ್ಕೆ ಸಕ್ಕರೆ ಹಾಕಿ ಕಲಕಿ ಕೊಟ್ಟಳು.