ಬಣ್ಣದ ಮನೆಗೆ ಬಂದ ಅಂಚೆ ಪಾಠಗಳು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮೋರಿಯನ್ನು ನೋಡಿದರೆ ಸಾಕು, ನೂರ್ ಅಹಮದನ ಮನೆಯಲ್ಲಿ ಆ ದಿನ ಯಾವ ಬಣ್ಣ ಕುದಿಯುತ್ತಿದೆ ಎಂದು ಹೇಳಬಹುದಿತ್ತು. ನೀರು ಕೆಂಪಾಗಿ ಹರಿದರೆ ಮದುವೆ ಸೀರೆಯ ನೂಲು. ನೀಲಿಯಾಗಿ ಹರಿದರೆ ದಿನಬಳಕೆಯ ಸೀರೆಯ ನೂಲು. ಮಗ್ಗದವರು ಬಿಳಿ ನೂಲಿನ ಲಡಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಅವನ ಮನೆಯ ಜಗಲಿಯಲ್ಲಿ ಇಳಿಸುತ್ತಿದ್ದರು. ಅವನು ಅವುಗಳನ್ನು ಹಿತ್ತಲಿನ ಹಂಡೆಗಳಲ್ಲಿ ಅದ್ದಿ, ಹಿಂಡಿ, ಬಿದಿರಿನ ಗಳುವಿಗೆ ಹಾಕಿ ಒಣಗಿಸಿ ಕೊಡುತ್ತಿದ್ದನು. ಅವನ ಕೈಗಳು ಮೊಣಕೈವರೆಗೆ ಯಾವಾಗಲೂ ಯಾವುದಾದರೊಂದು ಬಣ್ಣದಲ್ಲಿ ಇರುತ್ತಿದ್ದವು.

ಅವನು ಕನ್ನಡ ಶಾಲೆಯಲ್ಲಿ ಆರನೆಯ ತರಗತಿಯವರೆಗೆ ಓದಿದ್ದನು. ತಂದೆ ತೀರಿಕೊಂಡ ಮೇಲೆ ಹಂಡೆ ಅವನ ಪಾಲಿಗೆ ಬಂತು. ಓದುವ ಆಸೆ ಮಾತ್ರ ಹೋಗಲಿಲ್ಲ. ಬಣ್ಣದ ಡಬ್ಬಿಗಳನ್ನು ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳನ್ನು ಅವನು ನೀಟಾಗಿ ಬಿಡಿಸಿ, ಒಲೆಯ ಮುಂದೆ ಕುಳಿತು ಓದುತ್ತಿದ್ದನು. ಹಾಗೆ ಬಂದ ಒಂದು ಹಾಳೆಯಲ್ಲಿ, ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ, ಅವನಿಗೆ ಒಂದು ಜಾಹೀರಾತು ಕಾಣಿಸಿತು. ಬೆಂಗಳೂರಿನ ನರಸಿಂಹಯ್ಯ ಎಂಬ ಮೇಷ್ಟರು ಅಂಚೆಯ ಮೂಲಕ ಕಥೆ ಬರೆಯುವುದನ್ನು ಕಲಿಸುತ್ತಾರಂತೆ. ಪಾಠ ಅಂಚೆಯಲ್ಲಿ ಬರುತ್ತದೆ, ನಾವು ಕಥೆ ಬರೆದು ಕಳುಹಿಸಬೇಕು, ಅವರು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳುಹಿಸುತ್ತಾರೆ. ಕೆಂಪು ಗುರುತು ಒಂದೂ ಬೀಳದ ಕಥೆಯನ್ನು ತಾವೇ ಮಾಸಪತ್ರಿಕೆಗೆ ಒಪ್ಪಿಸುವುದಾಗಿ ಕೊನೆಯಲ್ಲಿ ಬರೆದಿತ್ತು.

ನೂರ್ ಅಹಮದ್ ಸೇರಿಕೊಂಡನು. ಒಂದೇ ಒಂದು ಕಥೆ ಕೆಂಪಿಲ್ಲದೆ ವಾಪಸು ಬರಬೇಕು, ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಮೊದಲ ಕಥೆಯಲ್ಲಿ ಬಂಗಲೆ ಇತ್ತು, ಮೋಟಾರು ಕಾರು ಇತ್ತು, ಪಿಟೀಲು ನುಡಿಸುವ ಒಬ್ಬ ಶ್ರೀಮಂತರ ಮಗಳಿದ್ದಳು. ಅದು ವಾಪಸು ಬಂದಾಗ ಹಾಳೆಗಳು ಮೇಲಿಂದ ಕೆಳಗೆ ಕೆಂಪಾಗಿದ್ದವು. ಪೋಸ್ಟ್‌ಮನ್ ಲಕ್ಷ್ಮಯ್ಯ, ತೆರೆದ ಲಕೋಟೆಯೊಳಗೆ ಇಣುಕಿ, "ಏನಪ್ಪಾ ನೂರು, ನಿಮ್ಮ್ ಮೇಷ್ಟ್ರು ಹಂಡೇಲಿ ಅದ್ದಿ ಕಳ್ಸವ್ರಾ?" ಎಂದನು. ಕೊನೆಯಲ್ಲಿ ಮೇಷ್ಟರು ಬರೆದಿದ್ದರು: "ಈ ಕಥೆಯಲ್ಲಿ ಯಾರಿಗೂ ಹಸಿವಾಗುವುದಿಲ್ಲ, ಯಾರೂ ಕೆಲಸ ಮಾಡುವುದಿಲ್ಲ. ನಿಮ್ಮ ಕಾಗದದ ಮೂಲೆಯಲ್ಲಿ ಒಂದು ನೀಲಿ ಹೆಬ್ಬೆರಳಿನ ಗುರುತು ಇದೆ. ಇಡೀ ಕಥೆಯಲ್ಲಿ ನಾನು ನಂಬಿದ್ದು ಅದೊಂದನ್ನೇ. ಅದು ಯಾರ ಬೆರಳು? ಅವರ ಮನೆಯ ಕಥೆ ಬರೆಯಿರಿ."

ಅವನಿಗೆ ಅವಮಾನವೂ ಆಯಿತು, ಬೆಳಕು ಬಿದ್ದಂತೆಯೂ ಆಯಿತು. ಅವನ ಮನೆಯಲ್ಲಿ ಇದ್ದವರು ಇಬ್ಬರೇ, ಅವನು ಮತ್ತು ಅವನ ತಾಯಿ ಜಹೀರುನ್ನೀಸಾ. ಅವನು ತಾಯಿಯ ಕಥೆ ಬರೆಯಲು ಕುಳಿತನು. ಮಗ ಊರು ಬಿಟ್ಟು ಕೆಲಸಕ್ಕೆ ಹೊರಡುತ್ತಾನೆ, ತಾಯಿ ಬಾಗಿಲಲ್ಲಿ ನಿಲ್ಲುತ್ತಾಳೆ, ಅಷ್ಟೇ ಕಥೆ. ಬಂಗಲೆ ಹೋಯಿತು, ಹಂಡೆ ಬಂತು. ಮೇಷ್ಟರು ಹಂಡೆಯನ್ನೂ ಹೊಗೆಯನ್ನೂ ಮೆಚ್ಚಿದರು. ಆದರೆ ತಾಯಿ ಬಾಯಿ ತೆರೆದ ಕಡೆಯಲ್ಲೆಲ್ಲ ಕೆಂಪು ಗೆರೆ. "ಈ ತಾಯಿ ಮಾತಾಡುತ್ತಿಲ್ಲ, ಪುಸ್ತಕ ಓದುತ್ತಿದ್ದಾರೆ. ಮನೆಯಲ್ಲಿ ಹೇಗೆ ಮಾತಾಡುತ್ತಾರೋ ಹಾಗೆ ಬರೆಯಿರಿ."

ಕಷ್ಟ ಇದ್ದದ್ದು ಅಲ್ಲೇ. ಮನೆಯಲ್ಲಿ ಅವರ ಮಾತು ದಖನಿ ಉರ್ದು. ಒಲೆಯ ಮುಂದೆ ಬರೆಯುತ್ತಾ ಕುಳಿತ ಮಗನ ತಲೆಯ ಮೇಲೆ ಕೈಯಿಟ್ಟು ಆಕೆ ಕೇಳುತ್ತಿದ್ದದ್ದು "ಕ್ಯಾ ಲಿಖ್ರಾ ರೇ ಬೇಟಾ?" ಎಂದು. ಅದನ್ನು 'ಏನು ಬರೆಯುತ್ತಿರುವೆ ಮಗನೇ' ಎಂದು ಬರೆದ ಕೂಡಲೇ ಕೈ ತಲೆಯ ಮೇಲಿಂದ ಎದ್ದುಹೋಗುತ್ತಿತ್ತು. ಅವನು ಸಂಕೋಚಪಡುತ್ತಲೇ ಮೇಷ್ಟರಿಗೆ ನಿಜ ಬರೆದನು. ನಮ್ಮ ಮನೆಯ ಮಾತು ಕನ್ನಡವಲ್ಲ, ನಾನೇನು ಮಾಡಲಿ ಎಂದು ಕೇಳಿದನು.

ಮೇಷ್ಟರ ಉತ್ತರ ಬರಲು ತಡವಾಯಿತು. "ನನಗೂ ಇದು ಹೊಸ ಪ್ರಶ್ನೆ. ನನ್ನ ಪಾಠಗಳಲ್ಲಿ ಇದಕ್ಕೆ ಉತ್ತರವಿಲ್ಲ. ಆದರೆ ನಿಮ್ಮ ತಾಯಿಯವರು ಯಾರೊಡನೆಯಾದರೂ ಕನ್ನಡದಲ್ಲಿ ಮಾತಾಡುತ್ತಾರೆಯೇ? ಆಡುವುದಾದರೆ, ಹತ್ತಿರ ಕುಳಿತು ಕೇಳಿರಿ. ಬರೆಯುವ ಆತುರ ಬೇಡ."

ಆಡುತ್ತಿದ್ದರು. ಬೀದಿಗೆಲ್ಲ ಕೇಳಿಸುವ ಹಾಗೆ ಆಡುತ್ತಿದ್ದರು. ನೂಲು ತರುವವರೊಡನೆ ಜಗಲಿಯಲ್ಲಿ ವ್ಯವಹಾರ ನಡೆಸುತ್ತಿದ್ದದ್ದು ಆಕೆಯೇ. ಊರಿಗೆ ಆಕೆ ಬಣ್ಣದ ಬೂಬಮ್ಮ. ಇಪ್ಪತ್ತೈದು ವರ್ಷ ಕೇಳಿದ್ದ ಆ ಗದ್ದಲವನ್ನು ನೂರ್ ಅಹಮದ್ ಅಂದು ಮೊದಲ ಸಲ, ಹಿಂಡುತ್ತಿದ್ದ ಲಡಿಯನ್ನು ಕೆಳಗಿಟ್ಟು, ಬಾಗಿಲ ಹಿಂದೆ ಕುಳಿತು ಕೇಳಿದನು. ಮಗ್ಗದ ಪಿಳ್ಳಪ್ಪ ಬಂದಿದ್ದನು.

"ಏನ್ ಪಿಳ್ಳಪ್ಪಾ, ಮುಖ ತೋರಿಸ್ದೆ ಎಷ್ಟ್ ದಿನ ಆಯ್ತು? ಸತ್ತೋಗ್ಬಿಟ್ಟೆ ಅಂತ ನಾನು ಕಣ್ಣೀರು ಹಾಕ್ಬಿಟ್ಟೆ."

"ಆ ಕಣ್ಣೀರ್ನೂ ಹಂಡೇಗೇ ಬಿಟ್ಟಿರ್ತೀಯ ಬೂಬಮ್ಮ. ಅದ್ಕೇ ಹೋದ್ ಸಲ ಕೆಂಪು ತೆಳ್ಳಗಾಗಿತ್ತು."

"ನನ್ ಕೆಂಪು ತೆಳ್ಳಗಾ? ನಿನ್ ಕಣ್ ತೆಳ್ಳಗಾಗದೆ ಕಣೋ! ಕಣ್ಣೊಂದೇ ಏನು, ಹೊಟ್ಟೆ ಬೆನ್ನಿಗೆ ಅಂಟ್ಕೊಂಡದೆ. ನಿನ್ ಹೆಂಡ್ತಿ ಮುದ್ದೆ ಹಾಕ್ತಾಳೋ ಗುದ್ದು ಹಾಕ್ತಾಳೋ?"

"ಎರಡೂ ಹಾಕ್ತಾಳೆ."

"ಹಂಗಾದ್ರೆ ಒಳ್ಳೇವ್ಳು. ಕೂತ್ಕೊಂಡು ಸಾಯಿ, ನಿಂತ್ಕೊಂಡೇ ಯಾಕೆ ಸಾಯ್ತೀಯ? ಚಾ ಕುಡ್ಕೊಂಡು ಹೋಗು. ರೇಟಲ್ಲಿ ಕಾಸೂ ಬಿಡಕಿಲ್ಲ, ಈಗ್ಲೇ ಹೇಳಿವ್ನಿ."

ಬಾಗಿಲ ಹಿಂದೆ ಕುಳಿತವನಿಗೆ ಒಂದು ವಿಷಯ ತಿಳಿಯಿತು. ತಾಯಿಯ ಕನ್ನಡದಲ್ಲಿ ಮೆದುವಾದ ಮಾತು ಒಂದೂ ಇರಲಿಲ್ಲ. ಆಕೆ ಕನ್ನಡ ಕಲಿತದ್ದು ಜಗಳಕ್ಕೆ, ಚೌಕಾಸಿಗೆ. ಪ್ರೀತಿಗೆ ಬೇಕಾದ ಪದಗಳನ್ನು ಆ ಭಾಷೆಯಲ್ಲಿ ಯಾರೂ ಆಕೆಗೆ ಕೊಟ್ಟಿರಲಿಲ್ಲ. ಆದ್ದರಿಂದ ಹಸಿದವನನ್ನು ಕಂಡರೆ ಆಕೆ ಬೈಯುತ್ತಿದ್ದಳು. ಹೆಚ್ಚು ಹಸಿದವನನ್ನು ಕಂಡರೆ ಹೆಚ್ಚು ಬೈಯುತ್ತಿದ್ದಳು.

ಅವನು ಕಥೆಯನ್ನು ಮೊದಲಿಂದ ಬರೆದನು. ತಾಯಿ ಪುಟದುದ್ದಕ್ಕೂ ಬೈದಳು. ತಿದ್ದಿ ಬಂದ ಹಾಳೆಗಳಲ್ಲಿ ಕೆಂಪು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಇನ್ನೊಮ್ಮೆ ಬರೆದನು. ಈ ಸಲ ಒಂದು ಪುಟದ ಅಂಚಿನಲ್ಲಿ ಮೇಷ್ಟರು ಕಪ್ಪು ಶಾಯಿಯಲ್ಲಿ, "ಇಲ್ಲಿ ನಾನು ಪೆನ್ನು ಕೆಳಗಿಟ್ಟೆ" ಎಂದು ಬರೆದಿದ್ದರು. ಅವನು ಆ ಹಾಳೆಗಳನ್ನು ಪಿಳ್ಳಪ್ಪನಿಗೂ ಲಕ್ಷ್ಮಯ್ಯನಿಗೂ ತೋರಿಸಿದನು. ಇಬ್ಬರೂ ತಲೆದೂಗಿದರು. ಓದು ಬಾರದ ಪಿಳ್ಳಪ್ಪ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಕೆಂಪು ಎಲ್ಲೆಲ್ಲಿದೆ ಎಂದು ಹುಡುಕಿ, "ಇದೊಂದೇ ಕಡೆ ಉಳ್ದದೆ ಕಣ್ಲಾ, ಇದನ್ನೂ ತೆಗೆಸ್ಬಿಡು" ಎಂದನು.

ಆ ಒಂದು ಕಡೆ ಎಂದರೆ ಕೊನೆಯ ಮಾತು. ಹೊರಟು ನಿಂತ ಮಗನಿಗೆ ತಾಯಿ "ನನ್ನ ಕಣ್ಣೇ, ಹೋಗಿ ಬಾ" ಎನ್ನುತ್ತಾಳೆ. ಮೇಷ್ಟರು ಅದಕ್ಕೆ ಸುತ್ತು ಹಾಕಿದ್ದರು. "ಇದು ಇವರ ಮಾತಲ್ಲ. ಅಗಲುವ ಹೊತ್ತಿನಲ್ಲಿ ಇವರು ಏನನ್ನುತ್ತಾರೆ? ನನಗೆ ಗೊತ್ತಿಲ್ಲ, ನಿಮಗೆ ಮಾತ್ರ ಗೊತ್ತಾಗಬೇಕು. ಇದೊಂದು ಸಿಕ್ಕಿದರೆ ಕಥೆ ಮುಗಿಯಿತು."

ಅವನು ಜಗಲಿಯ ಮಾತಿಗೆ ಕಿವಿಗೊಟ್ಟು ಕಾದನು. ಆದರೆ ಅಷ್ಟರಲ್ಲಿ ಜಗಲಿ ಬರಿದಾಗತೊಡಗಿತ್ತು. ಬಣ್ಣ ಬರುತ್ತಿದ್ದದ್ದು ಜರ್ಮನಿಯಿಂದ. ಯುದ್ಧದಿಂದಾಗಿ ಹೊಸ ಡಬ್ಬಿಗಳು ಆಗಲೇ ನಿಂತಿದ್ದವು. ಅಂಗಡಿಯವರು ಹಳೆಯ ಡಬ್ಬಿಗಳ ತಳ ಕೆರೆದು ಮಾರಿದರು, ಆಮೇಲೆ ಅದೂ ಇಲ್ಲ. ನೂಲೂ ಸರಿಯಾಗಿ ಸಿಗುತ್ತಿರಲಿಲ್ಲ. ನಮ್ಮ ಬೀದಿಯ ಮೋರಿಯಲ್ಲಿ ಬರೀ ನೀರು ಹರಿಯಿತು. ಲಡಿ ಹೊತ್ತು ಯಾರೂ ಬರಲಿಲ್ಲ. ಬೈಯಲು ಯಾರೂ ಇಲ್ಲದೆ ಬೂಬಮ್ಮ ಜಗಲಿಯಿಂದ ಒಳಗೆ ಹೋದಳು. ಕಾಲು ಊದಿಕೊಂಡಿತು. ದಿನವೆಲ್ಲ ಚಾಪೆಯ ಮೇಲೆ ಮಲಗಿ ಮಗನೊಡನೆ ದಖನಿಯಲ್ಲಿ ಒಂದೆರಡು ಮಾತಾಡುವಳು. ಆಕೆಯ ಕನ್ನಡ ಯಾರ ಕಿವಿಗೂ ಬೀಳದಂತಾಯಿತು.

ನೂರ್ ಅಹಮದ್ ಪಿಳ್ಳಪ್ಪನ ಮಗ್ಗದ ಮನೆಗೆ ಹೋಗಿ, ನಾಚಿಕೆಪಡುತ್ತಲೇ ಹೇಳಿದನು:

"ಒಂದ್ಸಲ ಮನೆಗ್ ಬಾ ಪಿಳ್ಳಪ್ಪಣ್ಣ. ಅಮ್ಮನ್ ಜೊತೆ ಜಗಳ ಆಡು."

"ನೂಲೇ ಇಲ್ವಲ್ಲೋ, ಏನ್ ಹಿಡ್ಕೊಂಡು ಜಗಳ ಆಡ್ಲಿ?"

"ಏನಾದ್ರೂ ಹಿಡ್ಕೊಂಡು ಬಾ."

ಪಿಳ್ಳಪ್ಪ ಹಳೆಯದೊಂದು ಬಿಳಿ ಲಡಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟನು. ಬಾಗಿಲಲ್ಲೇ ಗಂಟಲೆತ್ತಿ ಶುರುಮಾಡಿದನು. "ಏನ್ ಬೂಬಮ್ಮ, ಅಂಗ್ಡಿ ಮುಚ್ಕೊಂಡು ಮಲಗ್ಬಿಟ್ಟಿದ್ದೀಯ! ಹೋದ್ ಸಲದ್ ಕೆಂಪು ನೀರಿಗ್ ಹಾಕಿದ್ ತಕ್ಷಣ ಓಡೋಯ್ತು. ನನ್ ದುಡ್ಡು ವಾಪಸ್ ಕೊಡು!"

ನೂರ್ ಅಹಮದ್ ಗೋಡೆಗೆ ಒರಗಿ ಕಿವಿಗೊಟ್ಟು ನಿಂತಿದ್ದನು. ಆಕೆ ತಲೆ ಎತ್ತಿ ಪಿಳ್ಳಪ್ಪನನ್ನು ನೋಡಿದಳು. ಹೆಗಲ ಮೇಲಿನ ಲಡಿಯನ್ನು ನೋಡಿದಳು. ಆಮೇಲೆ ಚಾಪೆಯ ಒಂದು ಬದಿಗೆ ಸರಿದು ಜಾಗ ಮಾಡಿದಳು.

"ಬಾಪ್ಪ, ಕೂತ್ಕೋ" ಎಂದಳು. "ಹೌದಪ್ಪ, ನಮ್ದೇ ತಪ್ಪು."

ಪಿಳ್ಳಪ್ಪ ಚಾಪೆಯ ಅಂಚಿನಲ್ಲಿ ಕುಳಿತನು. ಎದ್ದಾಗ ಲಡಿಯನ್ನು ಅಲ್ಲೇ ಮರೆತು ಹೊರಗೆ ಬಂದನು. ಬೀದಿಯಲ್ಲಿ ನೂರ್ ಅಹಮದನ ತೋಳು ಹಿಡಿದುಕೊಂಡು, "ಬೈಲಿಲ್ಲ ಕಣೋ. ಬೂಬಮ್ಮ ನನ್ನ ಬೈಲಿಲ್ಲ. ಇನ್ನೇನೂ ಉಳ್ದಿಲ್ಲ ಬಿಡು" ಎಂದನು. ಅಷ್ಟು ಹೇಳಿ ಟವೆಲ್ಲಿನಿಂದ ಮುಖ ಒರೆಸಿಕೊಂಡನು.

ಕೊನೆಯ ಮಾತು ಸಿಕ್ಕಿತ್ತು. ಅದನ್ನು ಬರೆಯಲು ನೂರ್ ಅಹಮದನಿಗೆ ಅನೇಕ ದಿನ ಮನಸ್ಸಾಗಲಿಲ್ಲ. ಬರೆದರೆ ಆಕೆ ಹೊರಟುಹೋಗುತ್ತಾಳೆ ಎಂಬ ಭಯ ಅವನಿಗೆ ಇತ್ತು. ಬರೆಯದಿದ್ದರೂ ಆಕೆ ಹೊರಟುಹೋದಳು. ಆಕೆಯನ್ನು ಮಣ್ಣು ಮಾಡಿ ಬಂದ ಮೇಲೆ, ಅವನು ಇಡೀ ಕಥೆಯನ್ನು ಇನ್ನೊಮ್ಮೆ ಶುದ್ಧವಾಗಿ ಬರೆದನು. ಮಗನನ್ನು ಜೀವಮಾನವೆಲ್ಲ ಬೈದ ತಾಯಿ, ಅವನು ಚೀಲ ಹಿಡಿದು ಹೊರಟು ನಿಂತಾಗ, ಹೊರಗಿನವರಿಗೆ ಹೇಳುವಂತೆ "ಬಾಪ್ಪ, ಕೂತ್ಕೋ" ಎನ್ನುತ್ತಾಳೆ. ಮಗನಿಗೆ ಆಗ ಎಲ್ಲವೂ ತಿಳಿಯುತ್ತದೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಈ ಸಲ ಹಾಳೆಯ ಮೂಲೆಯಲ್ಲಿ ಬೆರಳಿನ ಗುರುತು ಬೀಳಲಿಲ್ಲ. ಅವನ ಕೈಯಲ್ಲಿ ಬಣ್ಣ ಉಳಿದಿರಲಿಲ್ಲ.

ಉತ್ತರಕ್ಕೆ ಕಾಯುತ್ತಾ ಅವನು ರೈಲ್ವೆ ಸ್ಟೇಷನ್ನಿನಲ್ಲಿ ಮೂಟೆ ಹೊರುವ ಕೆಲಸಕ್ಕೆ ಸೇರಿಕೊಂಡನು. ಸಂಜೆ ಬಂದು ಖಾಲಿ ಜಗಲಿಯಲ್ಲಿ ಕೂರುವನು. ಲಕ್ಷ್ಮಯ್ಯ ಬೀದಿಯ ತುದಿಯಲ್ಲಿ ಕಂಡರೆ ಎದ್ದು ನಿಲ್ಲುವನು. ಲಕ್ಷ್ಮಯ್ಯ ದೂರದಿಂದಲೇ ಕೈ ಆಡಿಸಿ ಇಲ್ಲ ಎನ್ನುವನು.

ಲಕೋಟೆ ಮಳೆಗಾಲ ಕಳೆದ ಮೇಲೆ ಬಂತು. ಲಕ್ಷ್ಮಯ್ಯ ಆ ದಿನ ತಮಾಷೆ ಮಾಡಲಿಲ್ಲ. ಅವನ ಕೈಗೆ ಕೊಟ್ಟು ನಿಂತನು. ಅದು ನೂರ್ ಅಹಮದ್ ಕಳುಹಿಸಿದ ಲಕೋಟೆಯೇ. ಯಾರೂ ಅದನ್ನು ಒಡೆದಿರಲಿಲ್ಲ. ಮೇಲೆ ಅಂಚೆಯವರು ಅಡ್ಡಲಾಗಿ ಬರೆದಿದ್ದರು: "ವಿಳಾಸದ ಕಾರ್ಯಾಲಯ ಮುಚ್ಚಿದೆ. ಕಳುಹಿಸಿದವರಿಗೆ ವಾಪಸು."

"ಯುದ್ಧದಲ್ಲಿ ಕಾಗ್ದ ಸಿಗ್ದೆ ಮುಚ್ಚಿದ್ರೋ, ಮೇಷ್ಟ್ರಿಗೇ ಏನಾದ್ರೂ ಆಯ್ತೋ, ಯಾರಿಗ್ ಗೊತ್ತು" ಎಂದನು ಲಕ್ಷ್ಮಯ್ಯ. "ಬೇರೆ ಯಾರಿಗಾದ್ರೂ ಕಳ್ಸಪ್ಪ."

ಬೇರೆ ಯಾರೂ ಅವನಿಗೆ ಗೊತ್ತಿರಲಿಲ್ಲ. ಲಕ್ಷ್ಮಯ್ಯ ಹೋದ ಮೇಲೆ ಲಕೋಟೆಯನ್ನು ಒಡೆದು ಹಾಳೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದನು. ಮಗ್ಗದಿಂದ ಎದ್ದು ಬರುತ್ತಿದ್ದ ಪಿಳ್ಳಪ್ಪ ಅದನ್ನು ಕಂಡು ಜಗಲಿ ಹತ್ತಿದನು. ಹಾಳೆಗಳನ್ನು ಕಿತ್ತುಕೊಂಡು, ಹಿಂದಿನಂತೆ ಒಂದೊಂದನ್ನೇ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದನು. ಕೊನೆಯ ಹಾಳೆಯವರೆಗೂ ನೋಡಿದನು.

"ಲೇ ನೂರು, ಎಲ್ಲೂ ಕೆಂಪಿಲ್ವಲ್ಲೋ! ಒಂದ್ ಚುಕ್ಕೇನೂ ಇಲ್ಲ! ಪಾಸಾಯ್ತಾ?"

ನೂರ್ ಅಹಮದ್ ಹಾಳೆಗಳನ್ನು ಅವನ ಕೈಯಿಂದ ತೆಗೆದುಕೊಂಡು, ಅಂಚು ಸೇರಿಸಿ ಮಡಿಸಿದನು.

"ಹೂಂ" ಎಂದನು.

"ಬೂಬಮ್ಮ ಇರ್ಬೇಕಿತ್ತು ಕಣೋ" ಎಂದು ಪಿಳ್ಳಪ್ಪ ಅವನ ಪಕ್ಕದಲ್ಲಿ ಕುಳಿತುಕೊಂಡನು. "ಕೇಳಿದ್ರೆ ಎಷ್ಟ್ ಬೈತಿದ್ಲೋ ನಿನ್ನ."