ಕೂಸಿನ ಮುಯ್ಯಿ

ಆ ಸೋಮವಾರ ಬೆಳಿಗ್ಗೆ ಮಾಡಿದ್ದು ಇಷ್ಟು. ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಬಿಟ್ಟೆ. ಹಸು ಕರೆದು ಡೈರಿಗೆ ಹಾಲು ಹಾಕಿ ಬಂದೆ. ರಾತ್ರಿಯೆಲ್ಲ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುತ್ತಾ ಕೂತಿದ್ದ ನಮ್ಮ ಮನೆಯವರಿಗೆ ಕಾಫಿ ಕೊಟ್ಟೆ. ಕೂಸಿಗೆ ಅಂತ ರಾಗಿ ಸರಿ ತಿರುವಿ ಆರಲು ಇಟ್ಟೆ. ಅದರ ಚಡ್ಡಿ, ಒರೆಸುವ ಬಟ್ಟೆ ಮಡಚಿ ಚೀಲಕ್ಕೆ ಹಾಕಿದೆ. ಆಮೇಲೆ ಜಗುಲಿ ಮೇಲೆ ಕೂತು ಕಾದೆ. ಕೂಸು ಬರಲಿಲ್ಲ.

ಕೂಸು ನಮ್ಮದಲ್ಲ, ಎದುರು ಮನೆಯ ಹುಡುಗಿಯದು. ಹುಡುಗಿ ಅಂತ ನಾನು ಅನ್ನುವುದು, ಅವಳು ಆ ಮನೆಯ ಸೊಸೆ, ಮಿರ್ಲೆ ಕಡೆಯಿಂದ ಬಂದವಳು. ಗಂಡ ಕೊಡಗಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದಾನೆ, ತಿಂಗಳಿಗೊಮ್ಮೆ ಬಂದರೆ ಬಂದ. ಇವಳು ಹುಣಸೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮನೆ ನಡೆಯುತ್ತಿರುವುದು ಆ ಸಂಬಳದಲ್ಲಿ. ಮೊದಲು ಅತ್ತೆಯೇ ಕೂಸನ್ನು ನೋಡಿಕೊಳ್ಳುತ್ತಿದ್ದಳು. ಆಕೆ ಬಚ್ಚಲಲ್ಲಿ ಜಾರಿ ಸೊಂಟ ಉಳುಕಿಸಿಕೊಂಡು ಮಂಚ ಹಿಡಿದ ಮೇಲೆ ಕೂಸನ್ನು ಎತ್ತುವವರಿಲ್ಲ. ಅಂಗನವಾಡಿಗೆ ಕಳಿಸಲು ಇನ್ನೂ ವಯಸ್ಸು ಸಾಲದು. ಹುಣಸೂರಲ್ಲಿ ದುಡ್ಡು ಕೊಟ್ಟು ಮಕ್ಕಳನ್ನು ಬಿಡುವ ಜಾಗ ಒಂದನ್ನು ವಿಚಾರಿಸಿದಳು. ಸಂಬಳದ ಅರ್ಧ ಅದಕ್ಕೇ ಬೇಕು ಅಂತ ಸುಮ್ಮನೆ ವಾಪಸ್ಸು ಬಂದಳು.

ಪಂಚಾಯ್ತಿಯವರ ಕೂಸಿನ ಮನೆ ಇದೆ, ಸುಳ್ಳು ಹೇಳಬಾರದು. ದುಡ್ಡು ಕೇಳುವುದಿಲ್ಲ, ತೊಟ್ಟಿಲಿದೆ, ಊಟ ಕೊಡುತ್ತಾರೆ, ನೋಡಿಕೊಳ್ಳುವವಳೂ ಒಳ್ಳೆಯವಳು. ಆದರೆ ಅದು ಬಾಗಿಲು ತೆಗೆಯುವುದು ಒಂಬತ್ತೂವರೆಗೆ. ಗಾರ್ಮೆಂಟ್ಸಿನ ವ್ಯಾನು ಏಳಕ್ಕೆಲ್ಲ ಬಂದು ಹೋಗುತ್ತದೆ. ಸಂಜೆಯೂ ಹಾಗೇ, ಇವಳು ಬರುವಷ್ಟರಲ್ಲಿ ಅಲ್ಲಿ ಬೀಗ ಬಿದ್ದಿರುತ್ತದೆ. ಬೆಳಿಗ್ಗೆ ಕೂಸನ್ನು ಇಸಕೊಂಡು, ಸರಿ ತಿನ್ನಿಸಿ, ಕೂಸಿನ ಮನೆಗೆ ಬಿಟ್ಟು, ಸಂಜೆ ಕರೆತಂದು ಇಟ್ಟುಕೊಳ್ಳುವ ಕೆಲಸ ನಾನು ಒಪ್ಪಿಕೊಂಡೆ. ನಾನು ಕಾಸು ಮುಟ್ಟುವುದಿಲ್ಲ ಅಂದೆ. ಹಾಗಾದರೆ ಮುಯ್ಯಿ ಅಂತ ಇಟ್ಟುಕೊಳ್ಳಿ ಅಂದಳು.

ಹೊಗೆಸೊಪ್ಪಿನ ಕಾಲದಲ್ಲಿ ನಮ್ಮ ಕಡೆ ಎಲ್ಲ ಮುಯ್ಯಾಳಿನ ಮೇಲೇ ನಡೆಯುತ್ತದೆ. ಇವತ್ತು ನಾನು ನಿಮ್ಮಲ್ಲಿಗೆ ಬಂದು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿದರೆ ನಾಳೆ ನಿಮ್ಮ ಮನೆಯಿಂದ ಒಬ್ಬರು ನಮ್ಮಲ್ಲಿಗೆ ಬರಬೇಕು. ಕೂಲಿ ಇಲ್ಲ. ತೀರಿಸದೆ ಇರುವ ಹಾಗಿಲ್ಲ. ಅವಳು ಹೇಳಿದಂತೆಯೇ ಪ್ರತಿ ಭಾನುವಾರ ಕೂಸನ್ನು ಸೊಂಟಕ್ಕೇರಿಸಿಕೊಂಡು ನಮ್ಮ ಚಪ್ಪರಕ್ಕೆ ಬಂದು ಸೊಪ್ಪು ಕಟ್ಟಲು ಕೂರುತ್ತಿದ್ದಳು.

ಅವಳಿಗೆ ಇರುವ ರಜ ಅದೊಂದೇ. ಹಿಂದಿನ ದಿನ, ಭಾನುವಾರ, ನೋಡಿದರೆ, ಕಡ್ಡಿ ತೊಡೆ ಮೇಲಿದೆ, ಸೊಪ್ಪು ಕೈಯಲ್ಲಿದೆ, ಕೂತಲ್ಲೇ ನಿದ್ದೆ ಹೋಗಿದ್ದಾಳೆ. ಪಕ್ಕದಲ್ಲಿ ಕೂಸು ಹಸಿ ಸೊಪ್ಪನ್ನು ಬಾಯಿಗಿಡುತ್ತಿತ್ತು. ಎದ್ದು ಕಿತ್ತುಕೊಂಡು ಕೈ ತೊಳೆಸಿದೆ. ಹಸಿ ಸೊಪ್ಪಿನ ಅಂಟಿಗೆ ದೊಡ್ಡವರಿಗೇ ತಲೆಸುತ್ತು, ವಾಂತಿ ಬರುತ್ತದೆ. ಸಾಯಂಕಾಲ ಅವಳು ಹೊರಟಾಗ, ಇನ್ನು ಮುಯ್ಯಿಗಿಯ್ಯಿ ಏನೂ ಬೇಡ ಕಣ್ಮಗ, ಭಾನುವಾರ ಮನೇಲಿರು ಅಂದೆ. ಅವಳು ಕೂಸನ್ನು ಎತ್ತಿಕೊಂಡು ತಿರುಗಿ ನೋಡದೆ ಹೋದಳು. ಸುಸ್ತಾಗಿರಬೇಕು ಅಂದುಕೊಂಡೆ.

ಸೋಮವಾರ ವ್ಯಾನು ಬಂದು ಅರಳಿಮರದ ಹತ್ತಿರ ಹಾರ್ನ್ ಮಾಡಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಮಾಡಿ ಹೊರಟುಹೋಯಿತು. ನಾನು ಜಗುಲಿಯಲ್ಲೇ ಇದ್ದೆ. ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟು, ನೀನು ಅವಳಿಗೆ ಏನಂದೆ ಅಂತ ಕೇಳಿದರು. ಹೇಳಿದೆ. ಅವರು ನಕ್ಕುಬಿಟ್ಟರು.

"ನಮ್ಮ ದೊಡ್ಡಪ್ಪನ ಮನೇರು ನಮ್ಮ ಜೊತೆ ಮಾತು ಬುಟ್ಟಿದ್ದು ಯಾವ ಮಾತಿಗೆ? ಮುಯ್ಯಿ ಬ್ಯಾಡ ಅಂದದ್ದಕ್ಕೆ ಅಲ್ವಾ? ಇಷ್ಟು ವರ್ಷ ಈ ಮನೇಲಿದ್ದೂ ಅಷ್ಟು ತಿಳೀನಿಲ್ವಲ್ಲೇ ನಿಂಗೆ."

ತಿಳಿಯದೆ ಏನು. ಮುಯ್ಯಿ ಬೇಡ ಅಂದರೆ ನಿಮ್ಮ ಸಹವಾಸವೇ ಬೇಡ ಅಂತ ಲೆಕ್ಕ. ಅವಳಿಗೆ ನಿದ್ದೆ ಸಿಗಲಿ ಅಂತ ಅಂದಿದ್ದೆ. ಮಾತು ಹೋಗಿ ಮುಟ್ಟಿದ್ದು ಬೇರೆ ಕಡೆಗೆ.

ಸರಿಯ ಬಟ್ಟಲು ಹಿಡಿದೇ ಎದುರು ಮನೆಗೆ ಹೋದೆ. ಅವಳು ಹಳೇ ಸೀರೆ ಹರಿದು ಕೂಸನ್ನು ಬೆನ್ನಿಗೆ ಕಟ್ಟಿಕೊಳ್ಳುವಷ್ಟು ಅಗಲಕ್ಕೆ ಮಡಚುತ್ತಿದ್ದಳು. ಹನಗೋಡಿನ ಕಡೆ ಸೊಪ್ಪು ಕಟ್ಟಲು ಕೂಲಿಗೆ ಕರೆಯುತ್ತಿದ್ದಾರಂತೆ, ಕೂಸನ್ನೂ ಕರೆದುಕೊಂಡು ಹೋಗಬಹುದಂತೆ. ಗಾರ್ಮೆಂಟ್ಸಿನ ಸೂಪರ್‌ವೈಸರಿಗೆ ಫೋನ್ ಮಾಡಿದ್ದಳು. ನಾಳೆ ಬಂದರೆ ಸರಿ, ಇಲ್ಲದಿದ್ದರೆ ಆ ಮಿಷಿನ್ನಿಗೆ ಬೇರೆಯವಳನ್ನು ಕೂರಿಸುತ್ತೇನೆ ಅಂದನಂತೆ.

ಮಂಚದ ಮೇಲಿಂದ ಅತ್ತೆ ಅಂದಳು, "ಬ್ಯಾಡ ಅಂದ್ಮೇಲೆ ಯಾಕ್ ಬಂದ್ಯವ್ವ? ಕೂಸು ಬಾರ ಆಯ್ತು ಅಂತ ನೆಟ್ಟಗೇ ಅಂದಿದ್ರೆ ನಾವೇನ್ ಬೇಜಾರ್ ಮಾಡ್ಕೊತಿದ್ವಾ?"

"ಕೂಸು ಬಾರ ಅಂದೋರ್ಯಾರು? ನಿನ್ ಸೊಸೆ ಸೊಪ್ಪು ಇಡ್ಕೊಂಡು ಕೂತಂಗೇ ನಿದ್ದೆ ಒಡೀತಿದ್ಲು, ಅದಕ್ಕಂದೆ."

ಹುಡುಗಿ ತಲೆ ಎತ್ತಲಿಲ್ಲ. "ಪುಗಸಟ್ಟೆ ಸಾಕ್ಸೋಕೆ ನನಗೆ ಆಯ್ಕಿಲ್ಲ ದೊಡ್ಡವ್ವ," ಅಂದಳು.

ಬೆನ್ನ ಮೇಲಿನ ಕೂಸಿನ ಕೈ ಎಷ್ಟು ದೂರಕ್ಕೆ ಎಟಕುತ್ತದೆ ಅಂತ ನನಗೆ ಗೊತ್ತು. ಅಲ್ಲಿ ದಿನವಿಡೀ ಹಸಿ ಸೊಪ್ಪು. ಸೊಪ್ಪಿನ ಕೂಲಿಯೂ ಬ್ಯಾರನ್ ಆರುವವರೆಗೆ ಅಷ್ಟೇ, ಆಮೇಲೆ ಏನು ಮಾಡುತ್ತಾಳೆ? ಬೇಡ ಅಂದ ಬಾಯಲ್ಲೇ ಬೇಕು ಅಂತ ಕೇಳದೆ ಬೇರೆ ದಾರಿ ಕಾಣಲಿಲ್ಲ. ಸುಮ್ಮನೆ ಕೇಳಿದರೆ ನಂಬುವವಳಲ್ಲ, ನಿಜವಾಗಿಯೂ ಬೇಕಾದದ್ದನ್ನೇ ಕೇಳಬೇಕು.

"ಅಂಪಾಪುರದಲ್ಲಿರೋ ನನ್ನ ಮಗಳು ಬಸುರಿ ಅಲ್ವಾ," ಅಂದೆ. "ಹೆರಿಗೆಗೆ ಇಲ್ಲಿಗೇ ಕರ್ಕೊಂಡ್ ಬತ್ತೀನಿ. ಬಾಣಂತಿ, ಕೂಸು, ಅಸು, ಒಲೆ ಎಲ್ಲಾ ನನ್ನೊಬ್ಳ ಕೈಲಾಗಕಿಲ್ಲ. ಸಂಜೆ ನೀನು ಕೆಲಸದಿಂದ ಬಂದ್ಮೇಲೆ ಒಂದು ಗಳಿಗೆ ಬಂದು ಕೈ ಆಕ್ಬೇಕು. ಮುಯ್ಯಿ ಅಲ್ಲೀಗಂಟ ನಿಂತಿರ್ಲಿ."

ಅವಳು ನನ್ನ ಮುಖ ನೋಡಿದಳು. ಸುಳ್ಳು ಹೇಳುತ್ತಿದ್ದೇನೋ ಅಂತ ಹುಡುಕುತ್ತಿದ್ದಳು ಅನ್ನಿಸಿತು.

"ಎಲ್ಲೀಗಂಟ ಬರ್ಬೇಕು?"

"ಕೂಸಿನ ಕತ್ತು ನಿಲ್ಲೋಗಂಟ."

"ಅಷ್ಟಕ್ಕೇ ತೀರ್ತು ಅನ್ಬಾರ್ದು ಮತ್ತೆ. ನಂದಿನ್ನೂ ಉಳಿದಿರ್ತದೆ," ಅಂದಳು. ಸೀರೆ ಚೂರನ್ನು ಪಕ್ಕಕ್ಕಿಟ್ಟು ಕೂಸನ್ನು ನನ್ನ ಕೈಗೆ ಕೊಟ್ಟಳು. ನಾಳೆ ವ್ಯಾನಿಗೆ ಬರುತ್ತೇನೆ ಅಂತ ನನ್ನೆದುರಿಗೇ ಸೂಪರ್‌ವೈಸರಿಗೆ ಹೇಳಿದಳು. ಆ ದಿನದ ಸಂಬಳ ಹೋದದ್ದು ಹೋಯಿತು.

ಬಾಣಂತನಕ್ಕೆ ನನ್ನ ತಂಗಿ ಬರುತ್ತಾಳೆ ಅಂತ ಆಗಲೇ ಮಾತಾಗಿತ್ತು. ಇನ್ನು ತಂಗಿಗೆ ಬೇಡ ಅನ್ನಬೇಕು. ಅವಳು ಇನ್ನೇನು ಅರ್ಥ ಮಾಡಿಕೊಳ್ಳುತ್ತಾಳೋ.

ಹುಡುಗಿ ಇವತ್ತೊಂದು ದಿನ ಮಲಗಲಿ ಅಂತ ಕೂಸನ್ನು ಎತ್ತಿಕೊಂಡು ಕೂಸಿನ ಮನೆಗೆ ತಡವಾಗಿ ಹೋದೆ. ಅಲ್ಲಿ ನೋಡಿಕೊಳ್ಳುವವಳನ್ನು, ಬಾಗಿಲು ಒಂದಷ್ಟು ಬೇಗ ತೆಗೆಯಲು ಆಗುವುದಿಲ್ಲವಾ ಅಂತ ಕೇಳಿದೆ. ಈ ಮಾತನ್ನು ಹಿಂದೆಯೂ ಕೇಳಿದ್ದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ತನಗೂ ಮನೆ ಇಲ್ಲವಾ, ಬೆಳಿಗ್ಗೆ ಹಸು ಕರೆಯಬೇಕು, ಇಬ್ಬರನ್ನು ಸ್ಕೂಲಿಗೆ ಹೊರಡಿಸಬೇಕು, ತನ್ನ ಮಕ್ಕಳನ್ನು ಆ ಹೊತ್ತಿಗೆ ಯಾರು ನೋಡುತ್ತಾರೆ ಅಂದಳು. ಅದೂ ನಿಜವೇ. ಪಂಚಾಯ್ತಿಯಲ್ಲಿ ಕೇಳಿದರೆ ನೋಡೋಣ ಅನ್ನುತ್ತಾರೆ. ಯಾರ ಮೇಲೂ ಸಿಟ್ಟು ಮಾಡುವ ಹಾಗಿಲ್ಲ. ಏಳರಿಂದ ಒಂಬತ್ತೂವರೆವರೆಗೆ ಕೂಸು ಯಾರದೋ ಕೈಯಲ್ಲಿ ಇರಲೇಬೇಕು, ಸದ್ಯಕ್ಕೆ ನನ್ನ ಕೈ ಇದೆ. ಮಂಡಿ ನೋವು ಜಾಸ್ತಿಯಾದರೆ, ಮಗಳ ಹೆರಿಗೆ ಹೊತ್ತಿಗೆ ಮುಂಚೆಯೇ ಬಂದರೆ, ಆಗ ಏನೋ ಗೊತ್ತಿಲ್ಲ.

ಮಧ್ಯಾಹ್ನವೆಲ್ಲ ನಾನೂ ನಮ್ಮ ಮನೆಯವರೂ ಸೊಪ್ಪು ಕಟ್ಟಿದೆವು. ಸಂಜೆ ಕೂಸನ್ನು ಕರೆತಂದೆ. ಆ ಹುಡುಗಿ ಬಾಗಿಲಿಗೆ ಬಂದು, ಬೆಳಿಗ್ಗೆ ಎಬ್ಬಿಸಿ ಅಳಿಸುವುದು ಯಾಕೆ, ಇವತ್ತು ನಿಮ್ಮಲ್ಲೇ ಮಲಗಲಿ ದೊಡ್ಡವ್ವ, ಇದನ್ನೂ ಮುಯ್ಯಿಗೆ ಸೇರಿಸಿಕೊಳ್ಳಿ ಅಂದಳು. ಸೇರಿಸಿಕೊಂಡೆ ಅಂದೆ.

ಮುದ್ದೆ, ಹಲಸಂದೆ ಕಾಳಿನ ಸಾರು ಮಾಡಿದ್ದೆ. ಕೂಸಿಗೆ ಮೆತ್ತಗೆ ಅನ್ನ ಹಿಸುಕಿ ಹಾಲು ಹಾಕಿ ತಿನ್ನಿಸಿದೆ. ನಮ್ಮ ಮನೆಯವರು ಒಂದು ಮುದ್ದೆ ತಿಂದು ಬ್ಯಾರನ್ ಕಡೆ ಹೋದರು. ಕೂಸು ಕಣ್ಣು ಬಿಟ್ಟುಕೊಂಡು ನನ್ನ ತೊಡೆ ಮೇಲೆ ಆಡುತ್ತಿತ್ತು, ನಾನು ತೂಕಡಿಸುತ್ತಿದ್ದೆ. ಎಲ್ಲರಿಗಿಂತ ಮೊದಲು ಮಲಗಿದವಳು ಆ ಹುಡುಗಿಯೇ. ನಾನಿನ್ನೂ ತಟ್ಟೆ ತೊಳೆದಿರಲಿಲ್ಲ, ಎದುರು ಮನೆಯ ದೀಪ ಆಗಲೇ ಆರಿತ್ತು.